ಒಪ್ಪಿಗೆ ಕೊಟ್ಟ ಕೈ

ನಮ್ಮ ಬೀದಿಯ ಬಾವಿ ನೀರು ಸುಣ್ಣ ಕಲಸಿದ ಹಾಗಾಗಿ ಎಂಟು ತಿಂಗಳಾಗಿತ್ತು. ಊರ ಹಿಂದಿನ ಗುಡ್ಡದಲ್ಲಿ ಕ್ವಾರಿಯವರು ದಿನಾ ಮೂರು ಗಂಟೆಗೆ ಬಂಡೆ ಸಿಡಿಸುತ್ತಿದ್ದರು. ಬಿಂದಿಗೆ ಇಳಿಬಿಟ್ಟಾಗಲೆಲ್ಲ ನಾನು, ಆ ಕ್ವಾರಿಗೆ ಸಹಿ ಹಾಕಿದವನ ಕೈ ಸೇದೋಗ, ಮರಗಟ್ಟಿ ಬಿದ್ದೋಗ ಎಂದು ಬಯ್ಯುತ್ತಿದ್ದೆ. ಮೆಲ್ಲಗೆ ಬಯ್ಯುವ ಅಭ್ಯಾಸ ನನಗಿಲ್ಲ. ಬೀದಿಯ ಹೆಂಗಸರೆಲ್ಲ ಕಲಿತುಕೊಂಡರು.

ಬಯ್ದರೆ ನೀರು ತಿಳಿಯಾಗುತ್ತದೆಯೇ? ಒಂದು ದಿನ ಅದನ್ನೇ ಬಾಟಲಿಗೆ ತುಂಬಿಕೊಂಡು, ನನ್ನ ಗಂಡ ಪುಟ್ಟಮಾದುವನ್ನೂ ಹೊರಡಿಸಿಕೊಂಡು, ತೆರಕಣಾಂಬಿಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದೆ. ಆಫೀಸೆಂದರೆ ಅವರಿಗೆ ಭಯ. ದಾರಿಯುದ್ದಕ್ಕೂ ಬಾಟಲಿ ಹಿಡಿದು ಕೂತಿದ್ದರು.

ಆಫೀಸಿನ ಮೇಡಂ ಒಳ್ಳೆಯವರೇ. ಕೂರಲು ಹೇಳಿ, ಬಾಟಲಿ ಇಸಕೊಂಡು ನೋಡಿದರು. "ಅಮ್ಮ, ಈಗ ಇದು ನಮ್ಮ ಕೈಲಿಲ್ಲ. ಅಧಿಕಾರ ನಿಮ್ಮ ಊರಿಗೇ ಕೊಟ್ಟಾಗಿದೆ. ನಿಮ್ಮೂರ ಪರಿಸರ ಸಮಿತಿ ಒಪ್ಪಿದ ಮೇಲೇ ಕ್ವಾರಿಗೆ ಲೈಸೆನ್ಸ್ ಆಗಿದ್ದು."

"ಯಾವ ಸಮಿತಿ ತಾಯಿ? ಒಪ್ದವ್ನ ಎಸ್ರು ಏಳಿ, ಅವ್ನ ಮನೆ ಮುಂದ್ಲೇ ಓಗಿ ನಿಂತ್ಕತೀನಿ."

ಮೇಡಂ ಫೈಲು ತೆಗೆದು ಓದಿದರು. "ಅಧ್ಯಕ್ಷರು, ಪುಟ್ಟಮಾದು, ಬಿನ್ ಚಿಕ್ಕಮಾದಯ್ಯ."

ಸಹಿ ಕಣ್ಣೆದುರಿಗೇ ಇತ್ತು. ನಾಲ್ಕು ಜನರ ಮುಂದೆ ಹೆಬ್ಬೆಟ್ಟು ಒತ್ತಬಾರದೆಂದು ನಾನೇ ಹಠ ಹಿಡಿದು, ಗಂಡನ ಕೈಲಿ ಮಗಳ ಸ್ಲೇಟಿನಲ್ಲಿ ತಿದ್ದಿಸಿದ ಸಹಿ. ಕೆಳಗೆ ಎರಡು ಗೆರೆ ಎಳೆಯುವುದು ಅವರ ಖುಷಿ. ಎರಡೂ ಗೆರೆ ಇದ್ದವು.

"ಪರಿಸರದ ದಿನ ಗಿಡ ನೆಡ್ಸಿ ಶಾಲು ಒದ್ಸುದ್ರಲ್ಲ, ಆಗ ಪಂಚಾಯ್ತಿಯೋರು ಪುಸ್ತಕ ಕೊಟ್ಟು ಸಹಿ ಆಕ್ಸ್ಕಂಡ್ರು," ಎಂದರು ನನ್ನ ಗಂಡ. "ಗಿಡದ್ದು ಅಂದ್ಕಂಡೆ ಕಣಮ್ಮಿ."

ಆ ಶಾಲನ್ನು ನಾನೇ ಮಡಿಸಿ ಟ್ರಂಕಿನಲ್ಲಿಟ್ಟಿದ್ದೆ, ಮಗಳ ಮದುವೆಗೆ ಹೊದೆಯಲಿ ಎಂದು.

"ಅಂಗಾರೆ ಇವ್ರೇ ರದ್ದು ಮಾಡ್ಬುಡ್ಲಿ," ಎಂದೆ.

"ಮಾಡಬಹುದಿತ್ತು. ಸಮಿತಿ ಅವಧಿ ಹೋದ ತಿಂಗಳು ಮುಗಿದುಹೋಯಿತಲ್ಲಮ್ಮ. ಹೊಸ ಸಮಿತಿ ಆಗಬೇಕು."

"ಯಾವಾಗ ಆಯ್ತದೆ?"

"ಅದು ನಿಮ್ಮ ಪಂಚಾಯಿತಿಗೆ ಬಿಟ್ಟಿದ್ದು." ಮೇಡಂ ಬಾಟಲಿ ವಾಪಸು ಕೊಟ್ಟರು.

ಬಸ್ಸಿನಲ್ಲಿ ಅವರು ಬಲಗೈಯನ್ನು ತೊಡೆ ಕೆಳಗಿಟ್ಟುಕೊಂಡು ಕೂತಿದ್ದರು. ನನಗೆ ಸಿಟ್ಟು ಬಂದಿತ್ತು. ಯಾರನ್ನು ಅಂತ ಬಯ್ಯಲಿ? ತೆರಕಣಾಂಬಿ ಹತ್ತಿರ ಬಂದಾಗ ಅವರು, "ಐದು ವರ್ಸ ಅಧ್ಯಕ್ಷ ಆಗಿದ್ನಂತೆ ನಾನು," ಎಂದರು. ಅಳು ಬಂತು, ಕಿಟಕಿ ಕಡೆ ತಿರುಗಿದೆ.

ಸಂಜೆ ಬಾವಿಯ ಹತ್ತಿರ ಪಕ್ಕದ ಮನೆಯ ಸೊಸೆ ಭವ್ಯ ಕಾಯುತ್ತಿದ್ದಳು. ಅವಳ ಕೂಸಿಗೆ ವಾರದಿಂದ ಭೇದಿ. "ಏನಂದ್ರು ದೊಡ್ಡವ್ವ?"

"ಏನೂ ಇಲ್ಲ ಕಣವ್ವ."

ಅವಳು ತನ್ನ ಬಿಂದಿಗೆಯೊಳಗೆ ನೋಡಿದಳು. ನಾನು ಕಲಿಸಿದ್ದನ್ನೇ ನನ್ನ ಹಾಗೇ ಅಂದಳು. "ಸಹಿ ಆಕ್ದವ್ನ ಕೈ ಸೇದೋಗ." ಅಂದು, ನಾನೂ ದನಿಗೂಡಿಸುತ್ತೇನೆಂದು ನನ್ನ ಮುಖ ನೋಡಿದಳು.

ನಾನು ಬಾವಿಯೊಳಗೆ ಬಗ್ಗಿ ನೋಡಿದೆ. ಪಕ್ಕದಲ್ಲಿ ಹಗ್ಗ ಹಿಡಿದಿದ್ದ ನನ್ನ ಗಂಡ, "ಊಂ ಕಣವ್ವ, ಸೇದೋಗ್ಲಿ," ಎಂದರು. ಆಮೇಲೆ ಎರಡೂ ಕೈಯಿಂದ ನಮ್ಮ ಬಿಂದಿಗೆ ಮೇಲೆಳೆದರು.