ಒಣ ಕೂದಲಿಗೆ ಕತ್ತರಿ

ನೀರು ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ, ಗಿರಾಕಿ ಶರ್ಬಾನಿ ಬೌದಿಯ ಕೂದಲ ತುದಿಯಿಂದ ತೊಟ್ಟಿಕ್ಕುತ್ತಿದೆ, ಒದ್ದೆಯಾದಾಗ ಎಲ್ಲ ಕೂದಲೂ ನೆಟ್ಟಗೆ, ಸಾಧು, ನಂಬಬಾರದು — ಕನ್ನಡಿಯಲ್ಲಿ ಹಿಂದಿನ ಬೆಂಚು, ಬೆಂಚಿನ ಮೇಲೆ ಅವಳ ಅತ್ತೆ, ಮಾಶಿಮಾ, ಬಿಳಿ ತುರುಬಿಗೆ ಚುಚ್ಚಿದ ಬೆಳ್ಳಿ ಕಡ್ಡಿ, ಕಾವಲಿಗೆ ಬಂದಿದ್ದಾಳೆ, ಚೀನೀ ಪಾರ್ಲರ್ ಅಂತ ನಂಬಿ ಬಂದ್ರೆ ಈ ಹುಡುಗಿ ಕೈಗೆ ಕೊಡ್ತೀರಲ್ಲ, ಉದ್ದ ಒಂದು ಬೆರಳು ಕಮ್ಮಿಯಾದ್ರೂ ದುರ್ಗಾಪೂಜೆಯ ಪುಷ್ಪಾಂಜಲಿಗೆ ಇವಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಲ್ಲ, ಇದು ಮಾಶಿಮಾ, ಉದ್ದ ಹೋಗಲ್ಲ ಮಾ, ತುಂಬಿ ಕಾಣ್ಬೇಕು, ನಡೆದ್ರೆ ಆಡ್ಬೇಕು ಅಷ್ಟೇ, ಇದು ಬೌದಿ. ಹೊರಗೆ ಟ್ರಾಮಿನ ಗಂಟೆ. ಏನ್ ನಿಂತಿದ್ದೀಯ ಫುಂಗ್‌ಯಿನ್, ಒದ್ದೆ ಇದ್ದಾಗ್ಲೇ ಕತ್ತರಿ ಹಾಕು, ಇದು ಪಾರ್ಲರಿನ ಒಡತಿ ಚುಂಗ್ ಆಂಟಿ, ಅವಳ ಮಣಿಕಟ್ಟು ಊದಿದೆ, ಅದಕ್ಕೇ ಈ ಕುರ್ಚಿ ಇವತ್ತು ನನಗೆ ಸಿಕ್ಕಿದ್ದು, ಆರು ವರ್ಷ ಹಲ್ಲಲ್ಲಿ ದಾರ ಕಚ್ಚಿ ಊರವರ ಹುಬ್ಬು ತೀಡಿದೆ, ಈ ಕೂದಲು ಕೆಟ್ಟರೆ ಮತ್ತೆ ದಾರವೇ ಗತಿ, ಬೆಳಿಗ್ಗೆಯೇ ಹೇಳಿದ್ದಾಳೆ. ಕಳೆದ ಪೂಜೆಗೆ ಅವಳೇ ಒಂದು ಹುಡುಗಿಯ ಅಲೆಗೂದಲನ್ನು ಒದ್ದೆಯಲ್ಲೇ ಪದರ ಪದರವಾಗಿ ಕತ್ತರಿಸಿದ್ದಳು, ಒಣಗಿದ ಮೇಲೆ ಮೇಲಿನ ಪದರ ಸುರುಟಿ ಕಿವಿಯ ಮೇಲೆ ಕೂತಿತು, ಅಣಬೆ, ಅಣಬೆಯ ಕೆಳಗೆ ಇಲಿಬಾಲ, ಹುಡುಗಿ ಅಳುತ್ತ ಹೋದಳು, ಆಂಟಿ ಸೆಕೆಯನ್ನು ಬೈದಳು, ನಾನು ನೆಲ ಗುಡಿಸುತ್ತ ನೋಡಿದ್ದೆ.

ಒಣಗಿಸ್ತೀನಿ ಆಂಟಿ, ಆಮೇಲೆ ಕತ್ತರಿ. ಒಣ ಕೂದಲಿಗಾ, ಕುರಿ ಉಣ್ಣೆ ಕತ್ತರಿಸ್ತಿದ್ದೀಯೇನೇ? ಡ್ರೈಯರಿನ ಸದ್ದಿನಲ್ಲಿ ಅವಳ ಬೈಗುಳ ಮುಳುಗುತ್ತದೆ, ಕೂದಲು ಏಳುತ್ತದೆ, ನಾಲ್ಕು ಬೆರಳು ಮೇಲಕ್ಕೆ, ಸೊಂಟಕ್ಕೆ ಸರಿಯಾಗಿ, ಅಲೆ ಅಲೆಯಾಗಿ, ಗೊತ್ತಿತ್ತು, ಬೌದಿ ಯಾವಾಗಲೂ ಮಿಂದ ಕೂದಲನ್ನು ಹಾಗೆಯೇ ಗಂಟು ಕಟ್ಟಿ ಬರುವವಳು, ತನ್ನ ಅಲೆಯನ್ನು ತಾನೇ ಕಂಡವಳಲ್ಲ, ಹುಬ್ಬು ತೀಡುವಾಗ ಅವಳ ಕಿವಿಯ ಹಿಂದಿನ ಸುರುಳಿಯನ್ನು ನಾನು ಕಂಡಿದ್ದೆ — ನೆತ್ತಿಯಿಂದ ತೆಳುವಾದ ಒಂದು ಗೊಂಚಲು, ನೇರ ಮೇಲಕ್ಕೆ, ಬೆರಳ ಸಂದಿಗೆ, ಕತ್ತರಿ ಅಡ್ಡ ಹಿಡಿಯುವುದಲ್ಲ, ಮೊನೆಯಿಂದ ತುದಿಯೊಳಗೆ ಸಣ್ಣ ಸಣ್ಣ ಕಚ್ಚು, ಭಾರ ಮಾತ್ರ ಇಳಿಯಲಿ, ಉದ್ದ ಅಲ್ಲ, ಇನ್ನೊಂದು ಗೊಂಚಲು, ಇನ್ನೊಂದು, ಕೆಳಗಿನ ಅಂಚನ್ನು ಮುಟ್ಟಲೇ ಇಲ್ಲ, ಕನ್ನಡಿಯಲ್ಲಿ ಬೆಳ್ಳಿ ಕಡ್ಡಿ ಮುಂದಕ್ಕೆ ಬಾಗುತ್ತದೆ, ಅಯ್ಯಯ್ಯೋ ನೆಲದ ಮೇಲೆ ಇಷ್ಟೊಂದಾ, ನಾನು ಕೊನೆಯ ಗೊಂಚಲು ಎತ್ತುತ್ತೇನೆ. ಬೌದಿ, ತಲೆ ಬಗ್ಗಿಸಿ, ಹಾಂ, ಈಗ ಒಂದೇ ಸಲ ಹಿಂದಕ್ಕೆ ಬೀಸಿ — ಬೀಸಿದಳು, ಭುಜದಿಂದ ಹೊರಳಿ, ಒಂದರ ಮೇಲೊಂದು ಉರುಳಿ, ಸೊಂಟದವರೆಗೆ, ಅವಳು ಎದ್ದು ತಿರುಗಿದಳು, ಕೂದಲು ಅರ್ಧ ಕ್ಷಣ ತಡವಾಗಿ ತಿರುಗಿತು, ಆ ಅರ್ಧ ಕ್ಷಣಕ್ಕೆ ಆರು ವರ್ಷ ಕಾದಿದ್ದೆ. ಮಾಶಿಮಾ ಎದ್ದು ಬಂದು ಸೊಸೆಯ ಸೊಂಟಕ್ಕೆ ಅಂಗೈ ಒತ್ತಿ ಅಳೆಯುತ್ತಾಳೆ, ಉದ್ದ ಇದ್ದಷ್ಟೇ ಇದೆಯಲ್ಲೇ ಕಳ್ಳಿ, ಹಾಗಾದ್ರೆ ಕೆಳಗೆ ಬಿದ್ದಿರೋದು ಯಾರ ಕೂದಲು? ಆಂಟಿ ನನ್ನ ದಾರದ ಉಂಡೆಯನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಳ್ಳುತ್ತಾಳೆ, ಇನ್ನು ನನಗೆ ದಾರವಿಲ್ಲ, ಗೆದ್ದೆ, ಯಾರಿದ್ದೀರಿ ಬನ್ನಿ, ಯಾವ ತಲೆಯಾದರೂ ಬರಲಿ, ಮಾಶಿಮಾ ಬೆಂಚಿಗೆ ಹೋಗುವುದಿಲ್ಲ, ಖಾಲಿ ಕುರ್ಚಿಯ ಪಕ್ಕ ನಿಂತಿದ್ದಾಳೆ, ಅವಳ ಕೈ ಮೇಲಕ್ಕೆ, ತುರುಬಿನ ಹಿಂದಕ್ಕೆ, ಎರಡು ಬೆರಳು, ಬೆಳ್ಳಿ ಕಡ್ಡಿ, ಅರ್ಧ ಹೊರಗೆ, ಬೆಳ್ಳಿ ಕಡ್ಡಿ —