ಕಲಿಯುವವನ ಸೀಟಿನ ಹಲಗೆ

ತಪ್ಪು ನನ್ನದೇ. ಗ್ರೇಮ್ ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪುಣ್ಯಾತ್ಮ ಬೈಯಲೇ ಇಲ್ಲ.

ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವನು ನಾನು, ನಾಗಪ್ಪ. ಪರದೇಶದ ನೆಲ್ಸನ್ ಎಂಬ ಊರಿನಲ್ಲಿ ಮಗಳು ವಚನಾಳ ಮನೆಯಲ್ಲಿ ಕೈಕಟ್ಟಿ ಕೂತು ತಲೆ ಕೆಟ್ಟಿದ್ದಾಗ ಆ ಊರಿನವನೇ ಆದ ಗ್ರೇಮ್‌ನ ಶೆಡ್ ಸಿಕ್ಕಿತು. ಅಲ್ಲಿ ನಮ್ಮಂಥ ಕೆಲಸವಿಲ್ಲದವರೆಲ್ಲ ಸೇರಿ ಹಳೆಯ ವಿಮಾನವೊಂದನ್ನು ರಿಪೇರಿ ಮಾಡುತ್ತಿದ್ದೆವು. ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ, ಚಕ್ರದ ಜಾಗದಲ್ಲಿ ದೋಣಿಯಂಥ ಎರಡು ಫ್ಲೋಟು. ತೊಂಬತ್ತು ವರ್ಷದ ಹಿಂದೆ ನೌಕಾಪಡೆಯ ಹುಡುಗರು ನೀರಿನ ಮೇಲಿಂದ ಏಳುವುದನ್ನು ಇದರಲ್ಲೇ ಕಲಿತರಂತೆ. ಕಲಿಯುತ್ತಲೇ ಕೆಲವರು ಸತ್ತರಂತೆ.

ಆಯುಧ ಪೂಜೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋದೆ. ತೊಳೆಯದ ಗಾಡಿಗೆ ಕುಂಕುಮ ಹಚ್ಚಿದವರುಂಟೇ? ಮೇಜಿನ ಮೇಲೆ ಬಿಳಿ ಬಣ್ಣದ ಹಲಗೆಯೊಂದನ್ನು ಬಿಚ್ಚಿಟ್ಟಿದ್ದರು, ಕಲಿಯುವವನ ಸೀಟಿನ ಪಕ್ಕದ್ದು. ಮೈತುಂಬಾ ಮಸಿ. ಸೋಪಿನ ನೀರಲ್ಲಿ ತಿಕ್ಕಿ ತಿಕ್ಕಿ ಒರೆಸಿದೆ. ಹಲಗೆ ಹಾಲಿನಂತಾಯಿತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಗ್ರೇಮ್ ಬಂದು ಹೇಳಿದ ಮೇಲೆ ಗೊತ್ತಾಯಿತು, ಅದು ಮಸಿಯಲ್ಲ. ಮೊದಲ ಸಲ ಒಬ್ಬರೇ ಹಾರುವ ಮುಂಚೆ ಆ ಹುಡುಗರು ಪೆನ್ಸಿಲಿನಲ್ಲಿ ಬರೆದ ಹೆಸರುಗಳು. ಹಿಂದಿನ ಸಂಜೆಯಷ್ಟೇ ಗ್ರೇಮ್ ಅದರಲ್ಲೊಂದು ಹೆಸರು ಓದಿ, ಆ ಹುಡುಗನ ಮಗಳಾದ ಐರಿಸ್ ಎಂಬ ಮುದುಕಿಗೆ ಫೋನ್ ಮಾಡಿದ್ದ. ಹಲಗೆಯ ಫೋಟೋ ಇನ್ನೂ ಯಾರೂ ತೆಗೆದಿರಲಿಲ್ಲ. ಆಕೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಇಂಥದ್ದೇ ವಿಮಾನದ ಜೊತೆ ಸಮುದ್ರದಲ್ಲಿ ಮುಳುಗಿದ್ದ. ಅವನ ಕೈಬರಹವನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ.

ಶನಿವಾರ ಆ ಹೆಸರು ನೋಡಲು ಆಕೆ ಬರುವವಳಿದ್ದಳು; ಅದು ಅಳಿಸಿಹೋದದ್ದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಶೆಡ್ಡಿಗೆ ಹೋಗುವಾಗ ಕಾರಿನಲ್ಲಿ ವಚನಾ ಹೇಳಿದಳು, "ಅಪ್ಪಾ, ನೀ ಏನೂ ಹೇಳಬ್ಯಾಡ. ಆಕಿಗೆ ಕಣ್ಣು ಸರಿ ಕಾಣಂಗಿಲ್ಲಂತ. ಬೆರಳು ಹಿಡದು ಹಲಗಿ ಮ್ಯಾಲೆ ಎಲ್ಲೆರ ಇಟ್ಟುಬಿಡು, ಮುಗೀತು."

"ಸುಮ್ನ ಗಾಡಿ ಹೊಡಿಯವಾ," ಎಂದು ಗದರಿದೆ. ಆದರೆ ಹಾಗೆ ಮಾಡುವ ಆಸೆ ನನಗೂ ಇತ್ತು.

ಐರಿಸ್ ಚಕ್ರದ ವಾಕರ್ ತಳ್ಳಿಕೊಂಡು ಬಂದಳು. ವಯಸ್ಸು ತೊಂಬತ್ತರ ಹತ್ತಿರ. ಹಲಗೆಯ ಮೇಲೆ ಅಂಗೈ ಆಡಿಸಿ, "ಎಲ್ಲಿದೆ?" ಎಂದು ನನ್ನನ್ನೇ ಕೇಳಿದಳು. ಗ್ರೇಮ್ ನೆಲ ನೋಡುತ್ತ ನಿಂತ. ಆಕೆಯ ಬೆರಳು ಹಿಡಿದೆ. ಹಲಗೆಯ ಮೇಲಿಡಲು ಆಗಲಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: ಹೆಸರಿಲ್ಲ ಅಮ್ಮಾ, ನಾನೇ ಒರೆಸಿಬಿಟ್ಟೆ. ನಮ್ಮಲ್ಲಿ ಪೂಜೆಗೆ ಮೊದಲು ತೊಳೆಯುತ್ತೇವೆ.

ಆಕೆ ಬೆರಳನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ಒರೆಸಿದ ಬಟ್ಟೆ ಇದೆಯೇ? ಅವನ ಪೆನ್ಸಿಲಿನ ಕಪ್ಪು ಅದರಲ್ಲಾದರೂ ಇರುತ್ತದಲ್ಲ."

ಬಟ್ಟೆ ಕಿಟಕಿಯ ಬಳಿ ತಂತಿಯ ಮೇಲಿತ್ತು. ತಂದು ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದಳು. ಬರೀ ಸೋಪಿನ ವಾಸನೆ. ಅವತ್ತೇ ಅದನ್ನೂ ಒಗೆದು ಒಣಹಾಕಿದ್ದೆ.