ಎಂಟನೇ ಪ್ಯಾಡಿನ ಮುನೀಂದ್ರ

ಯಲಹಂಕದ ಪಕ್ಕದ ಕೋಗಿಲಿನ ಮುನೀಂದ್ರ ವೇದಿಕೆ ಹತ್ತಿದರೆ ಜನರತ್ತ ತಿರುಗಿಯೂ ನೋಡದೆ, ತನ್ನ ಎಲೆಕ್ಟ್ರಾನಿಕ್ ರಿದಂ ಪ್ಯಾಡಿನ ಎಂಟು ರಬ್ಬರು ಚೌಕಗಳಲ್ಲಿ ಕೊನೆಯದೊಂದನ್ನು ಮಾತ್ರ ಬೆರಳ ಗೆಣ್ಣಿನಿಂದ ತಟ್ಟಿ, ಮಲಗಿದ ಮಗುವಿನ ಉಸಿರು ಆಲಿಸುವವನಂತೆ ತಲೆ ವಾಲಿಸುತ್ತಿದ್ದ. ಆರ್ಕೆಸ್ಟ್ರಾದವರು ಕೊಟ್ಟ ನೇರಳೆ ಕೋಟು ಅವನಿಗೆ ದೊಡ್ಡದು. ತೋಳನ್ನು ಎರಡು ಸುತ್ತು ಮಡಚಿಯೇ ಬಾರಿಸುತ್ತಿದ್ದ. ಡೋಲು, ತಬಲ, ಚಪ್ಪಾಳೆ ಎಂದು ಉಳಿದ ಏಳು ನಾದಗಳನ್ನೂ ಯಂತ್ರದೊಳಗಿನ ಎಫೆಕ್ಟುಗಳ ದಾರಿಯಲ್ಲಿ ಹಾಯಿಸಿ, ಒಂದಕ್ಕೆ ಕಲ್ಯಾಣಮಂಟಪದ ಗುಂಗು, ಇನ್ನೊಂದಕ್ಕೆ ಬಾವಿಯ ಮಾರ್ದನಿ ತೊಡಿಸುತ್ತಿದ್ದವನು, ಎಂಟನೆಯದನ್ನು ಮಾತ್ರ ಯಾವ ಎಫೆಕ್ಟಿಗೂ ಸೋಕಿಸದೆ ನೆಟ್ಟಗೆ ಸ್ಪೀಕರಿಗೆ ಬಿಡುತ್ತಿದ್ದ.

"ಒಣ ಒಣ ಅನ್ಸುತ್ತೆ ಗುರು, ಸ್ವಲ್ಪ ರಿವರ್ಬ್ ಹಾಕು, ಗುಂಗು ಬರ್ಲಿ," ಎನ್ನುತ್ತಿದ್ದ ತಂಡದ ಮಾಲೀಕ ವಿಜಯ್ ಕುಮಾರ್.

"ಮಿಕ್ಕಿದ್ದಕ್ಕೆಲ್ಲ ಹಾಕಿದ್ದೀನಲ್ಲ ಸಾರ್. ಇದು ನಮ್ಮಣ್ಣನ ಕೈ."

ಅಣ್ಣನೆಂದರೆ ದೊಡ್ಡಪ್ಪನ ಮಗ ಪಿಳ್ಳಪ್ಪ. ಅದೇ ತಂಡದಲ್ಲಿ ತಮಟೆ ಬಾರಿಸುತ್ತಿದ್ದವನು. 2009ರ ಒಂದು ಮಧ್ಯಾಹ್ನ ಮುನೀಂದ್ರನೇ ಅವನನ್ನು ಕೂರಿಸಿ, ಬೆಂಕಿಗೆ ಕಾಯಿಸಿದ ತಮಟೆಯ ಏಟುಗಳನ್ನು ರೆಕಾರ್ಡು ಮಾಡಿ ಯಂತ್ರದ ಎಂಟನೇ ಚೌಕಕ್ಕೆ ತುಂಬಿದ. ಮುಂದಿನ ಕಾರ್ಯಕ್ರಮಕ್ಕೆ ಮಾಲೀಕ ಕೈಯನ್ನು ಕರೆದೊಯ್ದು ಮನುಷ್ಯನನ್ನು ಬಿಟ್ಟುಹೋದ. ಮುನೀಂದ್ರ ಪ್ಯಾಡು ಹೊತ್ತುಕೊಂಡು ಮಾಲೀಕನ ಹಿಂದೆ ಹೋದ. ಪಿಳ್ಳಪ್ಪ ಯಲಹಂಕದ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೀಟಿ ಊದತೊಡಗಿದ. ತಮ್ಮ ಮುನೀಂದ್ರ ಸಿಕ್ಕಾಗಲೆಲ್ಲ, ಗಂಡನ ಮನೆಗೆ ಕೊಟ್ಟ ಮಗಳನ್ನು ವಿಚಾರಿಸುವಂತೆ, "ಎಂಗೈತೋ ನನ್ ಕೈ? ಚೆನ್ನಾಗ್ ಮಡಗಿದ್ದೀಯಾ?" ಎಂದು ಕೇಳುತ್ತಿದ್ದ.

2017ರಲ್ಲಿ ಪಿಳ್ಳಪ್ಪ ತೀರಿಕೊಂಡ. ಎಲ್ಲಿ ಹುಡುಕಿದರೂ ತಮಟೆಯವರು ಸಿಗಲಿಲ್ಲ. "ತಮಟೆ ಇಲ್ದೆ ಅವ್ರನ್ನ ಎತ್ತಕ್ ಬಿಡಾಕಿಲ್ಲ" ಎಂದು ಅವನ ಹೆಂಡತಿ ಮುನಿಗಂಗಮ್ಮ ಹಟ ಹಿಡಿದಾಗ, ಮುನೀಂದ್ರ ತಂಡದ ಪ್ಯಾಡನ್ನೂ ಸ್ಪೀಕರನ್ನೂ ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದ. ಎಂಟನೆಯ ಚೌಕಕ್ಕೆ ಕೋಲು ಬಿದ್ದದ್ದೇ ತಮಟೆ ಯಾವುದೋ ಕಲ್ಯಾಣಮಂಟಪದೊಳಗಿಂದ ಗುಂಯ್‌ಗುಟ್ಟಿತು. ಮುನೀಂದ್ರನಿಲ್ಲದಾಗ ಮಾಲೀಕ ಅದಕ್ಕೂ ಎಫೆಕ್ಟು ಸೇರಿಸಿಬಿಟ್ಟಿದ್ದ. ಮುನೀಂದ್ರ ಕೋಲು ಕೆಳಗಿಟ್ಟು, ಅಂಗೈಯಗಲದ ಪರದೆಗೆ ಕಣ್ಣು ಕೀಲಿಸಿ ಗುಂಡಿಗಳನ್ನು ಒತ್ತುತ್ತ ಕೂತ. ಹೆಣ ಬಿಸಿಲಲ್ಲಿ ಕಾಯಿತು.

"ಬದುಕಿದ್ದಾಗ ಕರೀನಿಲ್ಲ. ಈಗ ಎಣ ಮುಂದೆ ಮಡಗ್ಕಂಡು ಅದೇನ್ ಗುಂಡಿ ಒತ್ತೀಯೋ, ನಿನ್ ಕೈ ಸೇದೋಗ!"

"ಒಂದ್ನಿಮಿಷ ಅತ್ತಿಗೆ."

ಮತ್ತೆ ಕೋಲು ಬಿತ್ತು. ಗುಂಗಿಲ್ಲ, ಮಾರ್ದನಿಯಿಲ್ಲ, ಕಾದ ಚರ್ಮದ ಮೇಲೆ ಬರಿಯ ಏಟು. ಮುನಿಗಂಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಸ್ವಲ್ಪ ಹೊತ್ತು ಕೇಳಿದಳು.

"ಊಂ, ಅವ್ರೇ," ಎಂದಳು. "ಎತ್ರಪ್ಪ."

ಮುನೀಂದ್ರನಂಥವರಿಗೆ ಅನ್ಯಾಯವನ್ನು ತಡೆಯುವ ಎದೆಯಿರುವುದಿಲ್ಲ. ಅದರಲ್ಲಿ ಅವರ ಕೈಯೂ ಇರುತ್ತದೆ. ಆಮೇಲೆ ಜೀವಮಾನವಿಡೀ ಆ ಅನ್ಯಾಯಕ್ಕೆ ಗುಂಗು, ಮಾರ್ದನಿಗಳ ಒಡವೆ ತೊಡಿಸಲು ಮಾತ್ರ ಒಪ್ಪದೆ, ಮೂಲೆಯಲ್ಲಿ ತೋಳು ಮಡಚಿಕೊಂಡು ನಿಂತಿರುತ್ತಾರೆ. ಇಷ್ಟು ಸಣ್ಣ ಹಟವನ್ನು ಪ್ರಾಮಾಣಿಕತೆಯೆಂದು ಕೊಂಡಾಡಲು ನಾಲಗೆ ಏಳುವುದಿಲ್ಲ. ಆದರೆ ಅಷ್ಟೂ ಮಾಡದೆ, ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತು ಪಿಳ್ಳಪ್ಪನಿಲ್ಲದ ತಮಟೆಗೆ ಚಪ್ಪಾಳೆ ತಟ್ಟಿದವರು ನಾವು.